ಅಂಗೈಯಗಲ

ಮೂರು ದಿನದಿಂದ ಒಂದು ಸುಳ್ಳು ಫೋನಿನೊಳಗೆ ಬಸ್ಸು ಬಿಡುತ್ತಿದ್ದೇನೆ.
ಕಂಪ್ಯೂಟರಿನ ನಡುವೆ ದುಂಡು ಮೂಲೆಯ ಚೌಕಟ್ಟು,
ಅಗಲ ಮುನ್ನೂರರವತ್ತು ಚುಕ್ಕಿ.
ಅದರೊಳಗೆ ವಿರಾಜಪೇಟೆಯ ಖಾಸಗಿ ಬಸ್ಸುಗಳು
ಹೊತ್ತಿಗೆ ಸರಿಯಾಗಿ, ಸಾಲು ತಪ್ಪದೆ ಹೊರಡುತ್ತವೆ;
ನಿಜದ ನಿಲ್ದಾಣದಲ್ಲಿ ಎಂದೂ ಹಾಗೆ ಹೊರಟದ್ದಿಲ್ಲ.

ಚೌಕಟ್ಟು ಕಿರಿದು ಮಾಡಿದರೆ ಮಾತು ಮಡಚಿಕೊಳ್ಳುತ್ತದೆ.
ಕಾಕೋಟುಪರಂಬು ಒಂದು ಸಾಲಿನಲ್ಲಿ ಹಿಡಿಸಲೊಲ್ಲದು,
ಕಾಕೋಟು ಮೇಲೆ, ಪರಂಬು ಕೆಳಗೆ.
ಊರು ಸೀಳಿದ ಪಾಪ ನನಗೇಕೆ ಅಂತ
ಅಕ್ಷರವನ್ನೇ ಒಂದೆಳೆ ಸಣ್ಣ ಮಾಡಿದೆ.
ಬಣ್ಣ ಸಾಕಷ್ಟು ಗಾಢವೇ ಎಂದು ಯಂತ್ರವನ್ನು ಕೇಳಿದೆ.
ಹಸಿರು ಟಿಕ್ಕು ಬಂತು.
ಬೇರೆ ಏನನ್ನೂ ಕೇಳಲಿಲ್ಲ.
ಎಲ್ಲರಿಗೂ ದಕ್ಕುವ ಪುಟ ಎಂದುಕೊಂಡು
ಚಪ್ಪಲಿ ಮೆಟ್ಟಿ ದೇಚವ್ವ ಟೀಚರ ಮನೆಗೆ ಹೊರಟೆ.

ಗಡಿಯಾರ ಕಂಬದ ಹಿಂದಿನ ಓಣಿ, ಹದಿನಾಲ್ಕು ಮೆಟ್ಟಿಲು.
ಒಂದು ಕಾಲಕ್ಕೆ ಇಲ್ಲಿ ಹನ್ನೊಂದು ಟೈಪ್‌ರೈಟರು ಒಟ್ಟಿಗೇ ಕುಟ್ಟುತ್ತಿದ್ದವು.
ನಮ್ಮ ಕೈಗಳ ಮೇಲೆ ಟವಲು ಹೊದೆಸಿ
"ಕೀಲಿ ನೋಡಬೇಡ ಸುಹರಾ,
ಕಣ್ಣು ನೋಡಿದರೆ ಬೆರಳು ಕಲಿಯುವುದಿಲ್ಲ" ಎನ್ನುತ್ತಿದ್ದರು.
ಆಮೇಲೆ ಗ್ಲಾಕೋಮಾ ಅವರ ಕಣ್ಣಿಗೇ ಟವಲು ಎಳೆಯಿತು,
ಅಂಚಿನಿಂದ ಒಳಕ್ಕೆ, ವರ್ಷಗಟ್ಟಲೆ.

ಅವರ ಫೋನು ನನ್ನ ಚೌಕಟ್ಟಿನ ಹಾಗಿಲ್ಲ.
ಎಡಮೂಲೆಯ ಗಾಜು ಸೀಳಿದೆ,
ಅಲ್ಲಿ ಬೆರಳಿಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ.
ಬ್ಯಾಟರಿ ಒಂಬತ್ತು.
ಸಿಗ್ನಲ್ಲು ಕಿಟಕಿಯ ಮೂರನೇ ಸರಳಿನ ಬಳಿ ಮಾತ್ರ.
ಕಡಂಬುಟ್ಟು ಉಂಡೆ ಕಟ್ಟುತ್ತಿದ್ದ ಕೈ ಸೆರಗಿಗೆ ಒರೆಸಿ
ಫೋನನ್ನು ಕಿವಿಗೆ ಹಿಡಿದರು,
ಒಣಗಿದ ಕಾಫಿಹಣ್ಣು ಕುಲುಕಿ ತೇವ ಕೇಳುವವರ ಹಾಗೆ.

ಒಳಗಿನ ಹೆಂಗಸು ಉಸಿರೂ ತೆಗೆಯದೆ ಓದಿದಳು:
ಚಿತ್ರ. ಬಟನ್. ಬಟನ್. ಹೆಸರಿಲ್ಲದ ಬಟನ್.
ಐ ಎಂ ಜಿ ನಲವತ್ತೇಳು. ಬಟನ್.
ಕೆಂಪು ಬಳಿದು, ಚಕ್ರಕ್ಕೆ ನೆರಳು ಬರೆದ
ನನ್ನ ಪುಟ್ಟ ಬಸ್ಸುಗಳೆಲ್ಲ
ಹೆಸರಿಡದ ಕೂಸುಗಳಂತೆ ಆ ಅಡುಗೆಮನೆಯಲ್ಲಿ ನಿಂತವು.

ಟೀಚರ್ ನಕ್ಕರು, ಬೆಲ್ಲದ ಕಾಪಿ ನೆತ್ತಿಗೇರುವಷ್ಟು.
"ಅಲ್ಲ ಮಾರಾಯ್ತಿ, ಬಸ್ಸಿಗೆ ಬೋರ್ಡೇ ಇಲ್ಲವಲ್ಲ!
ಕಂಡಕ್ಟರು ಕೂಗುತ್ತಾನಲ್ಲ, ಕಡಂಗ ಕಡಂಗ ಕಡಂಗ,
ಅವನೇ ವಾಸಿ. ಅವನನ್ನು ಇದರೊಳಗೆ ಕೂರಿಸು."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ.
ಮೂರು ದಿನ ನಾನು ಹಿಡಿದದ್ದು ಬರೀ ಕನ್ನಡಿ,
ಅಂಗೈ ಯಾರದೆಂದು ಕೇಳಲೇ ಇಲ್ಲ.

ಹಿಟ್ಟಿನ ತಟ್ಟೆ ಸರಿಸಿ ಅಲ್ಲೇ ಲ್ಯಾಪ್‌ಟಾಪು ಬಿಚ್ಚಿದೆ.
ಒಂದೊಂದಕ್ಕೂ ಹೆಸರು: ಹಿಂದೆ. ಮುಚ್ಚು.
ಗೋಣಿಕೊಪ್ಪ, ಎಂಟೂ ಕಾಲು.
"ಗುಂಡಿ ದೊಡ್ಡದು ಮಾಡು, ನನ್ನ ಹೆಬ್ಬೆರಳಿಗೆ
ಅಮ್ಮತ್ತಿ ಸಿದ್ದಾಪುರ ಎರಡೂ ಒಟ್ಟಿಗೆ ಸಿಗುತ್ತದೆ."
ದೊಡ್ಡದು ಮಾಡಿದೆ. ಅಕ್ಷರವನ್ನು ಹಿಂದಿನ ಅಳತೆಗೇ ತಂದೆ.
ಕಾಕೋಟುಪರಂಬು ಮತ್ತೆ ಎರಡು ಸಾಲಾಯಿತು;
ಆಗಲಿ, ಕಿವಿಗೆ ಅದು ಒಂದೇ ಊರು.

ಕತ್ತಲಾಗುತ್ತ ಬಂತು. ಬ್ಯಾಟರಿ ನಾಲ್ಕು.
ಹಗ್ಗದ ಮೇಲಿದ್ದ ಟವಲು ತಡವಿ ಎಳೆದು
ನನ್ನ ಕೈಗೂ ಫೋನಿಗೂ ಸೇರಿಸಿ ಹೊದೆಸಿದರು.
"ಈಗ ಕಡಂಗಕ್ಕೆ ಹೋಗು, ನೋಡುವ."

ಹೋದೆ. ಎರಡು ಸಲ ತಪ್ಪಿ ಗೋಣಿಕೊಪ್ಪದಲ್ಲಿ ಇಳಿದೆ,
ಒಂದು ಸಲ ಸೀಳುಗಾಜಿಗೆ ಸಿಕ್ಕಿ ಎಲ್ಲಿಯೂ ಇಳಿಯಲಿಲ್ಲ.
ನಾನೇ ಕಟ್ಟಿದ ಪುಟ, ಮನೆ ಬದಲಿಸಿದವರ ಅಡುಗೆಮನೆಯ ಹಾಗೆ,
ಉಪ್ಪಿನ ಡಬ್ಬಿ ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ.
ಕೊನೆಗೆ ಟವಲಿನಡಿಯಿಂದ ಹೆಂಗಸಿನ ದನಿ:
ಕಡಂಗ, ಕೊನೆಯ ಬಸ್ಸು, ಏಳೂ ಹತ್ತು.

ಓಣಿಯಾಚೆ ನಿಜದ ಬಸ್ಸು ಹಾರ್ನು ಹೊಡೆದದ್ದು ಏಳೂವರೆಗೆ.
ಟೀಚರ್ ಉಂಡೆ ಕಟ್ಟುತ್ತಲೇ ಅಂದರು:
"ಅದನ್ನೂ ಬರೆ."